ಎರಡು ಬೆರಳಲ್ಲಿ ಹಿಡಿದ ಚಾದರ

ಉಚ್ಚೆಯಲ್ಲಿ ತೊಯ್ದ ಚಾದರವನ್ನು ಅವಳು ಎರಡೇ ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಬಾಲ ಹಿಡಿದು ಒಯ್ಯುವ ಹಾಗೆ ಬಚ್ಚಲಿಗೆ ಒಯ್ದಳು. ಎರಡು ವರ್ಷದಿಂದ ಒಂದು ದಿನವೂ ಹಾಸಿಗೆ ಒದ್ದೆ ಮಾಡದಿದ್ದ ಐದು ವರ್ಷದ ಮಗಳು, ಒಂಬತ್ತು ದಿನದಿಂದ ಬೆಳಗಾದರೆ ಇದೇ ಗೋಳು ತಂದಿಟ್ಟಿದ್ದಳು.

ಬಾಗಿಲು ತಳ್ಳಿದರೆ, ಮಗಳು ಬಕೆಟ್ಟಿನ ಸೋಪು ನೀರನ್ನೇ ಮಗ್ಗಿನಲ್ಲಿ ಮೊಗೆದು ಗಟಗಟ ಕುಡಿಯುತ್ತಿದ್ದಾಳೆ! ಅವಳು ಇನ್ನೊಂದು ಕೈಯಿಂದ ಮಗ್ಗು ಕಿತ್ತುಕೊಂಡಳು.

"ಥೂ! ಹೇಸಿಗೆ ಅನ್ನೋದೇ ಇಲ್ವೇನೇ ನಿಂಗೆ?"

"ಬಾಯಾರಿಕೆ ಅಮ್ಮಾ. ಅಜ್ಜಿ ನೀರೇ ಕೊಡಲ್ಲ."

"ಸಂಜೆ ಮೇಲೆ ಕೊಡ್ಬೇಡಿ ಅಂದವಳು ನೀನೇ ತಾನೇ?" ಅಡುಗೆಮನೆಯಿಂದ ಅತ್ತೆ ಕೂಗಿದರು. "ನಾನು ಹಗಲೂ ಕಮ್ಮಿ ಮಾಡ್ದೆ. ಆದ್ರೂ ಹುಯ್ಕೋತಾಳೆ. ಕೊಬ್ಬು!"

ಚಾದರವನ್ನು ಮೂಲೆಗೆ ಎಸೆಯಹೋದವಳು ಹಾಗೇ ನಿಂತಳು. ನಿನ್ನೆ ಒಗೆಯದೆ ಬಿಟ್ಟ ಚಾದರ ಅಲ್ಲೇ ಬಿದ್ದಿತ್ತು. ಅದರ ಹಳದಿ ಕಲೆಯ ತುಂಬ ಇರುವೆ. ಚೆಲ್ಲಿದ ಸಕ್ಕರೆಗೆ ಬರುವ ಹಾಗೆ, ಗೋಡೆಯಿಂದ ಸಾಲುಗಟ್ಟಿ ಬಂದು ಮುತ್ತಿದ್ದವು.

ಅವಳ ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ. ಊರವರ ಉಚ್ಚೆಯ ಬಾಟಲಿಗೆ ಪಟ್ಟಿ ಅದ್ದಿ, ಬಣ್ಣ ನೋಡಿ, ಸಕ್ಕರೆ ಎಷ್ಟಿದೆ ಅಂತ ಬರೆಯುವುದೇ ಅವಳ ಹೊಟ್ಟೆಪಾಡು. ಹನ್ನೊಂದು ವರ್ಷದಲ್ಲಿ ಒಂದು ಬಾಟಲಿಗೂ ಮೂಗು ಮುಚ್ಚಿಕೊಂಡವಳಲ್ಲ.

ಮಗಳ ತೋಳು ಹಿಡಿದಳು. ಬರೀ ಮೂಳೆ. ಯಾವಾಗ ಇಷ್ಟು ಸೊರಗಿತು ಮಗು?

"ಇನ್ನೊಂದೇ ಒಂದು ಮಗ್ ಕುಡೀಲಾ ಅಮ್ಮಾ?"

"ಅತ್ತೇ, ಕುಡಿಯೋ ನೀರು ತನ್ನಿ, ಬೇಗ! ಈಗಲೇ ಆಸ್ಪತ್ರೆಗೆ ಹೋಗ್ಬೇಕು!"

ಚಾದರ ಇನ್ನೂ ಅವಳ ಕೈಯಲ್ಲೇ ನೇತಾಡುತ್ತಿತ್ತು. ಈಗ ಅವಳಿಗೆ ಹೇಸಿಗೆ ಹುಟ್ಟಿದ್ದು, ಅದನ್ನು ಹಿಡಿದಿದ್ದ ತನ್ನ ಎರಡು ಬೆರಳುಗಳನ್ನು ಕಂಡು.