ಅಳಿಯ ಹಾಕಲಿರುವ ಕೇಸು

ಕೋರ್ಟಿನ ಕ್ರಿಮಿನಲ್ ಕಡತಗಳಲ್ಲಿ ಮುಂದೆ ನಡೆಯಲಿರುವ ಕೇಸುಗಳೂ ಸಿಗತೊಡಗಿದ ಮೇಲೆ ಊರಿನಲ್ಲಿ ಜಾತಕ ಕೇಳುವವರೇ ಇಲ್ಲವಾದರು. ಮದುವೆಯಾದರೆ ಮಗಳು ಗಂಡನ ಕಡೆಗೆ ವಾಲಿಬಿಡುತ್ತಾಳೆಂದು ಬಂದ ಸಂಬಂಧಗಳನ್ನೆಲ್ಲ ಸಾಗಹಾಕುತ್ತಿದ್ದ ರುದ್ರಾಣಮ್ಮ, ಈ ಸಲವೂ ಹುಡುಗನ ಹೆಸರು, ಅವನಪ್ಪನ ಹೆಸರು, ಠಾಣೆಯ ಹೆಸರು ಬರೆದ ಅರ್ಜಿ ಹಿಡಿದು ರೆಕಾರ್ಡ್ ರೂಮಿನ ಕಿಟಕಿಗೆ ಬಂದಳು.

ಗುಮಾಸ್ತ ಹುಡುಕಿ ಹೇಳಿದ. “ಹುಡುಗನ ಮೇಲೆ ಏನೂ ಇಲ್ಲಮ್ಮ. ಆದ್ರೆ ಮುಂದಿನ ವರ್ಷ ಅವನೇ ಒಂದು ಕೇಸ್ ಹಾಕ್ತಾನೆ. ಅತ್ತೆ ಲಟ್ಟಣಿಗೇಲಿ ಹೊಡೆದ್ರು ಅಂತ.”

“ಯಾವ ಅತ್ತೆ?”

ಗುಮಾಸ್ತ ಕಡತವನ್ನು ಅವಳತ್ತ ತಿರುಗಿಸಿದ. ಆರೋಪಿಯ ಜಾಗದಲ್ಲಿ ತನ್ನದೇ ಹೆಸರು ಕಂಡು ರುದ್ರಾಣಮ್ಮ ಕಿಟಕಿಯ ಸರಳು ಹಿಡಿದು ಇನ್ನಷ್ಟು ಬಾಗಿದಳು.

“ಸುಮ್‌ಸುಮ್ನೆ ಹೊಡೆಯೋಳಲ್ಲ ನಾನು. ಅವನೇನಂದ್ನಂತೆ?”

“ನಿಮ್ಮ ಹೋಳಿಗೆಗಿಂತ ಅವರಮ್ಮನ ಚಪಾತಿನೇ ಮೆತ್ತಗಿರುತ್ತೆ ಅಂದ್ನಂತೆ.”

“ಮತ್ತೆ ಹೊಡೀದೆ ಬಿಡ್ತೀನಾ. ಜೈಲಾಯ್ತಾ?”

“ಇಲ್ಲ, ಖುಲಾಸೆ. ನಿಮ್ಮ ಮಗಳೇ ನಿಮ್ಮ ಪರ ಸಾಕ್ಷಿ ಹೇಳಿದಾರೆ, ಗಂಡ ತಾನೇ ಹೋಗಿ ಲಟ್ಟಣಿಗೆ ಮೇಲೆ ಬಿದ್ದ ಅಂತ. ಬೇರೆ ಗಂಡು ನೋಡ್ತೀರೇನೋ?”

ರುದ್ರಾಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಯಾಕಪ್ಪ ನೋಡ್ಲಿ? ಇದರದೊಂದು ನಕಲು ಕೊಡು. ಲಗ್ನಪತ್ರಿಕೆ ಜೊತೆ ದೇವರ ಮುಂದೆ ಇಡ್ತೀನಿ.”