ಗುಣವಾದ ಇಪ್ಪತ್ತಾರು ಮಂದಿ

ಅಂಚಿನವರೆಗೂ ತುಂಬಿದ ಚಹಾ ಲೋಟವನ್ನು ಶೇಷಪ್ಪ ಒಂದೇ ಕೈಯಲ್ಲಿ ತಂದು ಮುಂದಿಟ್ಟ. ಒಂದು ತೊಟ್ಟೂ ಚೆಲ್ಲಲಿಲ್ಲ. ಸಾಗರದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದ ಟೈಲರ್ ನಾಗರಾಜಪ್ಪನಿಗೆ ದೇವರೇ ಎದುರು ಬಂದಷ್ಟು ಸಂತೋಷವಾಯಿತು.

ಅವನ ಕೈಗಳು ನಡುಗತೊಡಗಿ ಮೂರು ವರ್ಷ. ಹೊಸನಗರದಲ್ಲಿ ಅವನು ಕತ್ತರಿ ಹಿಡಿದರೆ ಗಿರಾಕಿಗಳು ಬಟ್ಟೆ ಕಸಿದುಕೊಂಡು ಓಡುತ್ತಿದ್ದರು. ಇದು ಪಾರ್ಕಿನ್ಸನ್ ರೋಗ, ತಲೆಬುರುಡೆಗೆ ತೂತು ಕೊರೆದು ಆಪರೇಷನ್ ಮಾಡಿದರೆ ನಡುಕ ನಿಲ್ಲುತ್ತದೆ ಎಂದಿದ್ದರು ಶಿವಮೊಗ್ಗದ ದೊಡ್ಡಾಸ್ಪತ್ರೆಯ ಡಾಕ್ಟರು. ಇಪ್ಪತ್ತೆಂಟು ಜನರಲ್ಲಿ ಇಪ್ಪತ್ತಾರು ಜನರಿಗೆ ಗುಣ. ಬೇಕಾದರೆ ನಿಮ್ಮ ಕಡೆಯ ಸಾಗರದ ಬಸ್ ಏಜೆಂಟ್ ಶೇಷಪ್ಪನನ್ನೇ ನೋಡಿ ಎಂದೂ ಹೇಳಿದ್ದರು. ಸೋಮವಾರ ಆಸ್ಪತ್ರೆಗೆ ಸೇರಬೇಕಿತ್ತು. ಶಿವಮೊಗ್ಗದ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು.

"ಬಾಳ ನೋವಾಯ್ತಾ ಶೇಷಪ್ಪಣ್ಣ? ಎಷ್ಟು ದಿನ ಮಲಗಿದ್ರಿ?"

ಶೇಷಪ್ಪ ಸುಮ್ಮನೆ ನಕ್ಕ.

"ಎಂತ ಮಾರಾಯ್ರೆ, ನಿಮ್ಮ ಹತ್ರ ಮಾತಿಗೂ ಟಿಕೀಟು ತಗೋಬೇಕಾ?"

ಬೆಂಚಿನ ಹಿಂದಿನ ಚಹಾ ಅಂಗಡಿಯಲ್ಲಿ ಒಲೆ ಊದುತ್ತಿದ್ದ ಶೇಷಪ್ಪನ ಹೆಂಡತಿ ಮೀನಾಕ್ಷಮ್ಮ ತಲೆಯೆತ್ತಿದಳು. "ಅವ್ರಿಗೆ ಮಾತಿಲ್ಲ ಅಣ್ಣ. ಆಪರೇಷನ್ ಟೇಬಲ್ ಮೇಲೇ ಬಿಟ್ಟು ಬಂದ್ರು. ಮುಂಚೆ ಇಲ್ಲಿ ನಿಂತು ಬಸ್ಸಿಗೆ ಜನ ಕರೆದ್ರೆ ಇಕ್ಕೇರೀಲಿ ಮಲಗಿದ್ದ ಎಮ್ಮೆ ಎದ್ದು ನಿಲ್ತಿತ್ತು."

ನಾಗರಾಜಪ್ಪ ಲೋಟ ಕೆಳಗಿಟ್ಟ. "ಡಾಕ್ಟ್ರು ಇವ್ರಿಗೆ ಪೂರ್ತಿ ಗುಣ ಅಂದ್ರಲ್ಲ."

"ಆಸ್ಪತ್ರೆಯಿಂದ ವರ್ಷಕ್ಕೊಂದು ಕಾರ್ಡು ಬರುತ್ತೆ. ಕೈ ನಡುಕ ನಿಂತಿದೆಯಾ ಅಂತ ಒಂದೇ ಪ್ರಶ್ನೆ. ನಿಂತಿದೆ ಅಂತ ಬರ್ಸಿದೆ. ಸುಳ್ಳು ಹೇಳಾಕಾಗುತ್ತಾ?"

"ಮಾತು ಹೋಗಿದ್ದು ಬರ್ಸ್ಲಿಲ್ವಾ?"

"ಕೇಳಿದ್ರೆ ತಾನೆ. ಆಸ್ಪತ್ರೇಲಿ ಪಕ್ಕದ ಮಂಚದಲ್ಲಿ ಮಂಡಗದ್ದೆಯ ರಾಮಚಂದ್ರಪ್ಪ ಅಂತಿದ್ರು, ನಿಮ್ಮ ಹಾಗೇ ತಮಾಷೆ ಮನುಷ್ಯ. ಮನೆಗೆ ಕರ್ಕೊಂಡು ಬಂದ ವಾರಕ್ಕೇ ಹೋಗ್ಬಿಟ್ರು. ಅವ್ರಿಗೂ ಕಾರ್ಡು ಬಂತಂತೆ. ಯಾರು ಬರೀತಾರೆ? ಉತ್ತರ ಬರೆದವ್ರದ್ದು ಮಾತ್ರ ಲೆಕ್ಕ."

ನಾಗರಾಜಪ್ಪ ಶೇಷಪ್ಪನ ಕಡೆ ತಿರುಗಿದ. "ಅಣ್ಣ, ನಾನು ಮಾಡಿಸ್ಲಾ, ಬ್ಯಾಡ್ವಾ?"

ಶೇಷಪ್ಪ ತನ್ನ ಅಂಗೈಯನ್ನು ಚಾಚಿ ನೋಡಿಕೊಂಡ. ಬೆರಳುಗಳು ಕಲ್ಲಿನಂತೆ ಅಲುಗದೆ ನಿಂತಿದ್ದವು. ಹೌದೆಂಬಂತೆ ತಲೆಯಾಡಿಸಿದ, ಮರುಗಳಿಗೆ ಬೇಡವೆಂಬಂತೆಯೂ ಆಡಿಸಿದ. ಅಷ್ಟರಲ್ಲಿ ಹೊಸನಗರದ ಬಸ್ಸು ಹಾರ್ನ್ ಹೊಡೆಯಿತು. ಇಪ್ಪತ್ತು ವರ್ಷಗಳ ಅಭ್ಯಾಸ. ಶೇಷಪ್ಪ ಓಡಿ ಬಸ್ಸಿನ ಪಕ್ಕ ನಿಂತು ಕತ್ತೆತ್ತಿ ಬಾಯಿ ತೆರೆದ. ಕುತ್ತಿಗೆಯ ನರಗಳು ಹಗ್ಗದಂತೆ ಉಬ್ಬಿದವು. ದನಿ ಹೊರಡಲಿಲ್ಲ. ಬೇರೆ ಕಡೆ ಮುಖ ಮಾಡಿ ನಿಂತಿದ್ದ ಪ್ರಯಾಣಿಕರು ಯಾರೂ ತಿರುಗಲಿಲ್ಲ.

ಬಸ್ಸು ಹೊರಟಿತು. ನಾಗರಾಜಪ್ಪ ಶಿವಮೊಗ್ಗದ ಬಸ್ಸಿಗೆ ಕಾಯದೆ ಬ್ಯಾಗು ಎಳೆದುಕೊಂಡು ಓಡಿ ಬಾಗಿಲಿಗೆ ಹತ್ತಿದ. ನಡುಗುವ ಕೈಯಿಂದ ಸರಳು ಹಿಡಿದು, ಗಂಟಲು ಹರಿಯುವಂತೆ ಕೂಗತೊಡಗಿದ: "ಹೊಸನಗರ, ಹೊಸನಗರ, ನಗರ, ನಿಟ್ಟೂರು..."