ಎಕ್ಸಾಕ್ಟ್ಲಿ, ಆಬ್ವಿಯಸ್ಲಿ

ಕನ್ನಡ ಮಾಧ್ಯಮದಲ್ಲಿ ಓದಿ ಎಂ.ಎ. ಇಂಗ್ಲಿಷಿಗೆ ಸೇರಿದ ದಾಕ್ಷಾಯಣಿಗೆ ಇಂಗ್ಲಿಷ್ ಕಥೆಗಳೆಂದರೆ ಜೀವ. ಮಾತಾಡುವುದೆಂದರೆ ಮಾತ್ರ ಜೀವ ಹೋಗುತ್ತಿತ್ತು. ಅದಕ್ಕೆ ತಕ್ಕಂತೆ ಪಕ್ಕದಲ್ಲಿ ಕೂರುತ್ತಿದ್ದವಳು ಒಬ್ಬ ಕನ್ನಡಕದ ಹುಡುಗಿ. ಮೇಡಂ ಏನೇ ಹೇಳಲಿ, ಆಕೆ ಇವಳತ್ತ ತಿರುಗಿ ಹುಬ್ಬೇರಿಸಿ, "ಎಕ್ಸಾಕ್ಟ್ಲಿ!" ಅನ್ನುತ್ತಿದ್ದಳು. ಮರ್ಯಾದೆ ಉಳಿಯಲೆಂದು ಇವಳೂ, "ಆಬ್ವಿಯಸ್ಲಿ!" ಎಂದು ಒಂದು ಎಸೆದು, ಮಾತು ಮುಂದುವರಿದೀತೆಂದು ಹೆದರಿ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದಳು.

ತಿಂಗಳು ತುಂಬುವಷ್ಟರಲ್ಲಿ ಸಾಕುಸಾಕಾಯಿತು. ಒಂದು ಮಧ್ಯಾಹ್ನ ಟಿ.ಸಿ. ಕೇಳಲು ಮೇಡಂ ಕೋಣೆಗೆ ಹೋದಳು.

"ಯಾಕವಾ, ಪಾಠ ತಿಳೀವಲ್ದೇನು?"

"ಪಾಠ ಛಲೋ ತಿಳಿತೈತ್ರಿ ಮೇಡಂ. ಆದ್ರ ಆ ಕನ್ನಡಕದಾಕಿ ಇಂಗ್ಲಿಷ್ ಮುಂದ ನಾ ಯಾವ ಗಿಡದ ತಪ್ಪಲ್ರಿ? ಆಕಿ ಬಾಜೂಕ ಕುಂತ್ರ ನನ್ನ ಬಾಯಾಗಿನ ನೀರ ಆರತೈತಿ. ಊರಿಗೆ ಹೊಕ್ಕೀನ್ರಿ."

ಮೇಡಂ ತಲೆ ಹಿಡಿದುಕೊಂಡು ಕುಳಿತರು.

"ಯಾಕ್ರಿ ಮೇಡಂ, ಟಿ.ಸಿ. ಕೊಡೂದಿಲ್ಲೇನ್ರಿ?"

"ನಿನ್ನ ಇಂಗ್ಲಿಷಿಗೆ ಅಂಜಿ ಆಕಿ ಮುಂಜಾನೆನ ಟಿ.ಸಿ. ಒಯ್ದಾಳವಾ!"